ಮೊದಲ ಹಳೆ ಬೈಕ್ ಯಾವುದು: ಯೆಜ್ಡಿ, ಆರ್‌ಎಕ್ಸ್ 100, ಆರ್‌ಡಿ 350, ಇಲ್ಲಾ ಹಳೆ ಬುಲೆಟ್?

ಹಳೆ ಸ್ಪೋರ್ಟ್ಸ್ ಕಾರಿನ ಆಸೆ ಇಂಗ್ಲೆಂಡಿನವರಿಗೆ ಸಲೀಸು, ಅಲ್ಲಿ ಅಂಥ ಕಾರುಗಳು ಲಕ್ಷಗಟ್ಟಲೆ ತಯಾರಾಗಿದ್ದವು. ನಮ್ಮಲ್ಲಿ ಆ ಹೆಸರಿಗೆ ತಕ್ಕ ಕಾರು ಬಂದಿದ್ದೇ ಅಪರೂಪ. ಬೆಂಗಳೂರಿನ ಸಿಪಾನಿ ಕಂಪನಿ 80ರ ದಶಕದಲ್ಲಿ ಡಾಲ್ಫಿನ್ ಅಂತ ಫೈಬರ್ ಬಾಡಿಯ ಪುಟ್ಟ ಕಾರು ಮಾಡಿತ್ತು, ಚೆನ್ನೈ ಹತ್ತಿರದ ಶೋಲಾವರಂ ರೇಸಿನಲ್ಲಿ ಅದು ಓಡಿಯೂ ಇತ್ತು. ಈಗ ಓಡುವ ಸ್ಥಿತಿಯಲ್ಲಿ ಒಂದು ಹುಡುಕಿ ತೋರಿಸಿ ನೋಡೋಣ. ಹಾಗಾಗಿ ವೇಗದ ಹಳೆ ಗಾಡಿಯ ಹುಚ್ಚು ಹತ್ತಿದ ನಮ್ಮವರು ಬಹುತೇಕ ಬೈಕಿನ ಕಡೆಗೇ ಹೋಗುತ್ತಾರೆ. ಬೆಲೆ ಕೈಗೆಟುಕುತ್ತದೆ, ಮನೆ ಮುಂದೆ ಜಾಗ ಸಾಕು, ಹಾಳಾದರೆ ರಿಪೇರಿ ಮಾಡುವವರೂ ಸಿಗುತ್ತಾರೆ.

ಮೊದಲ ಸಲ ಕೊಳ್ಳುವವರು ಕೇಳುವುದು ಸುಮಾರು ಇದೇ ನಾಲ್ಕನ್ನು. ಮೈಸೂರಿನ ಯೆಜ್ಡಿ, ಯಮಹಾ ಆರ್‌ಎಕ್ಸ್ 100, ರಾಜದೂತ್ 350 ಅಂದರೆ ನಮ್ಮ ಆರ್‌ಡಿ, ಮತ್ತೆ ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್. ನಾಲ್ಕೂ ಬೇರೆ ಬೇರೆ ಜಾತಿ. ಆದರೆ ಯಾವುದು ಒಳ್ಳೇದು ಅಂತ ಜಗಳ ಆಡುವ ಮೊದಲು ಎರಡು ವಿಷಯ ನೋಡಬೇಕು. ಒಂದು, ಕಾಗದ ಸರಿ ಇದೆಯಾ. ಎರಡು, ನಿಮ್ಮ ಊರಿನಲ್ಲಿ ಆ ಗಾಡಿ ಗೊತ್ತಿರುವ ಮೆಕ್ಯಾನಿಕ್ ಇದ್ದಾರಾ. ಈ ಎರಡಕ್ಕೂ ಹೌದು ಅಂತ ಉತ್ತರ ಬಂದ ಮೇಲೆ ಗಾಡಿ ಆರಿಸಿ. ಜನ ಉಲ್ಟಾ ಮಾಡುತ್ತಾರೆ, ಮೊದಲು ಬಣ್ಣ ನೋಡಿ ಮನಸ್ಸು ಕೊಡುತ್ತಾರೆ, ಆಮೇಲೆ ಆರ್‌ಸಿ ಹುಡುಕುತ್ತಾರೆ.

ಮೊದಲು ಆರ್‌ಸಿ

ಎಂಜಿನ್ ಕೆಟ್ಟಿದ್ದರೆ ದುಡ್ಡು ಖರ್ಚು ಮಾಡಿ ಸರಿ ಮಾಡಬಹುದು. ಕಾಗದ ಕೆಟ್ಟಿದ್ದರೆ ಕೆಲವು ಸಲ ಏನೂ ಮಾಡಕ್ಕಾಗಲ್ಲ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ಈ ನಾಲ್ಕರಲ್ಲಿ ಯಾವುದನ್ನು ಕೊಂಡರೂ ಅದು ಒಂದೆರಡು ಸಲವಾದರೂ ನವೀಕರಣ ಆಗಿರಬೇಕಾದ ಗಾಡಿಯೇ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕವನ್ನು 2,000 ರೂಪಾಯಿಗೆ ಏರಿಸಿತು. ಅದರ ಮೇಲೆ ತಡವಾಗಿದ್ದಕ್ಕೆ ಬೈಕಿಗೆ ತಿಂಗಳಿಗೆ 300 ರೂಪಾಯಿ ದಂಡದ ನಿಯಮ ಇದೆ, ಹಸಿರು ತೆರಿಗೆ ಬೇರೆ. "ಎಫ್‌ಸಿ ಮುಗಿದಿದೆ ಅಷ್ಟೇ ಸಾರ್, ಸುಮ್ನೆ ಹೋಗಿ ಮಾಡಿಸ್ಕೊಳ್ಳಿ" ಅಂತ ಮಾರುವವರು ಹೇಳಿದರೆ, ಎಷ್ಟು ವರ್ಷದ ಹಿಂದೆ ಮುಗಿದಿದ್ದು ಅಂತ ಕೇಳಿ. ಹತ್ತು ವರ್ಷ ಅಂದರೆ ಲೆಕ್ಕ ಹಾಕಿಕೊಳ್ಳಿ. ಆ ಮೊತ್ತವನ್ನು ಗಾಡಿ ಬೆಲೆಯಲ್ಲಿ ಕಳೆಯಿರಿ, ಇಲ್ಲಾ ಅವರೇ ಮಾಡಿಸಿಕೊಡಲಿ ಅನ್ನಿ. ಎರಡನೆಯದೇ ವಾಸಿ. ಯಾಕಂದರೆ ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ನಂಬರಿನಲ್ಲಿ ಏನಾದರೂ ಗೋಲ್ಮಾಲ್ ಇದ್ದರೆ ಅಲ್ಲಿ ಬಯಲಾಗುತ್ತದೆ.

ಇನ್ನೊಂದು ತೊಡಕು ಹಳೆ ಪುಸ್ತಕದ ಆರ್‌ಸಿ. ಕೆ.ಎ. ಸರಣಿ ಬರುವ ಮುಂಚಿನ, ಎಂ.ವೈ. ಅಥವಾ ಸಿ.ಎ. ಇಂದ ಶುರುವಾಗುವ ನಂಬರಿನ ಗಾಡಿಗಳಿಗೆ ಒಂದು ಗತ್ತೇ ಬೇರೆ, ಅದಕ್ಕಾಗಿಯೇ ಜಾಸ್ತಿ ದುಡ್ಡು ಕೊಡುವವರಿದ್ದಾರೆ. ಆದರೆ ವಾಹನ ದಾಖಲೆ ಇರುವ ಸರ್ಕಾರಿ ಪರಿವಾಹನ್ ತಾಣದಲ್ಲಿ ನಂಬರ್ ಹಾಕಿದರೆ ಎಷ್ಟೋ ಸಲ ಏನೂ ಬರುವುದಿಲ್ಲ. ಹಾಗಂತ ಗಾಡಿ ಕಳ್ಳಮಾಲು ಅಂತಲ್ಲ, ದಾಖಲೆ ಇನ್ನೂ ಕಂಪ್ಯೂಟರಿಗೆ ಏರಿಲ್ಲ ಅಂತ ಇರಬಹುದು. ಮೂಲ ಆರ್‌ಟಿಒದಲ್ಲಿ ರಿಜಿಸ್ಟರ್ ತೆಗೆಸಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಈ ಓಡಾಟವನ್ನು ನೀವು ತಲೆ ಮೇಲೆ ಹಾಕಿಕೊಳ್ಳಬೇಡಿ. ಮಾರುವವರು ಮಾಡಿಸಲಿ, ಆನ್‌ಲೈನಿನಲ್ಲಿ ಹೆಸರು ಕಾಣಿಸಿದ ಮೇಲೆ ಮಾತು ಮುಂದುವರಿಸಿ.

ನಂಬರ್ ನೋಡುವುದು ಹೇಗೆ? ಚಾಸಿಸ್ ನಂಬರ್ ಹ್ಯಾಂಡಲಿನ ಕೆಳಗೆ, ಫೋರ್ಕ್ ಸೇರುವ ಕೊಳವೆಯ ಮೇಲೆ ಪಂಚ್ ಆಗಿರುತ್ತದೆ. ಹ್ಯಾಂಡಲನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಒರೆಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ನೇರವಾಗಿ ಬೆಳಕು ಬಿಟ್ಟರೆ ಏನೂ ಕಾಣಲ್ಲ, ಓರೆಯಾಗಿ ಬಿಟ್ಟರೆ ಪ್ರತಿ ಅಂಕಿಯ ನೆರಳು ಬೀಳುತ್ತದೆ. ಅಂಕಿಗಳು ಒಂದೇ ಅಚ್ಚಿನವಾ, ಒಂದೇ ಆಳಕ್ಕಿವೆಯಾ ನೋಡಿ. ಸುತ್ತಲಿನ ಲೋಹ ಉಜ್ಜಿ ತಗ್ಗಾಗಿದ್ದರೆ, ಅಥವಾ ಬೇರೆಲ್ಲ ಕಡೆ ಹಳೆ ಬಣ್ಣ ಇದ್ದು ಆ ಜಾಗಕ್ಕೆ ಮಾತ್ರ ದಪ್ಪಗೆ ಪೇಂಟ್ ಬಳಿದಿದ್ದರೆ, ಕಾಫಿ ಕುಡಿದು ಎದ್ದು ಬನ್ನಿ. ಎಲ್ಲ ಸರಿ ಕಂಡರೆ ಒಂದು ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಮನೆಗೆ ಬಂದು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಎಂಜಿನ್ ನಂಬರಿಗೂ ಇದೇ ಪಾಠ.

ಮಾಲೀಕರು ತೀರಿಹೋಗಿದ್ದರೆ ಮಗನೋ ಮೊಮ್ಮಗನೋ ಸಹಿ ಹಾಕಿ ಕೊಟ್ಟರೆ ನಡೆಯುವುದಿಲ್ಲ. ಫಾರಂ 31ರಲ್ಲಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ಮಾಮೂಲಿ 29, 30ರಲ್ಲಿ ನಿಮಗೆ. ಪೊಲೀಸ್ ಹರಾಜಿನ ಗಾಡಿಗೆ ಫಾರಂ 32. ಹೊರ ರಾಜ್ಯದ್ದಾದರೆ ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ), ಜೊತೆಗೆ ಇಲ್ಲಿನ ರಸ್ತೆ ತೆರಿಗೆ. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ನಿರ್ಬಂಧ ಬಂದಾಗಿನಿಂದ ಆ ಕಡೆಯ ಹಳೆ ಗಾಡಿಗಳು ದಕ್ಷಿಣಕ್ಕೆ ಬರುತ್ತಲೇ ಇವೆ, ಅಗ್ಗವಾಗಿ ಕಾಣುತ್ತವೆ. ಸಾಗಾಟ, ತೆರಿಗೆ, ಎನ್‌ಒಸಿ ಅಲೆದಾಟ ಎಲ್ಲ ಕೂಡಿದರೆ ಆ ಅಗ್ಗ ಎಲ್ಲಿ ಹೋಯಿತೋ ಗೊತ್ತಾಗಲ್ಲ.

"ಇದು ವಿಂಟೇಜ್, ಕಾಗದ ಬೇಕಿಲ್ಲ" ಅನ್ನುವವರೂ ಸಿಗುತ್ತಾರೆ. ನಂಬಬೇಡಿ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿ ಮಾತ್ರ ವಿಂಟೇಜ್. ಅದರ ಹೊಸ ನೋಂದಣಿಗೆ 20,000 ರೂಪಾಯಿ. ಅಷ್ಟು ಕೊಟ್ಟರೂ ಅದನ್ನು ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿಯಂಥದ್ದಕ್ಕೆ ಮಾತ್ರ. 60ರ ದಶಕದ ಜಾವಾ (ಯೆಜ್ಡಿಯ ಹಳೆ ಹೆಸರು) ಸಿಕ್ಕಿ, ಅದರ ಮಾಮೂಲಿ ಆರ್‌ಸಿ ಜೀವಂತ ಇದ್ದರೆ ಅದನ್ನೇ ಕಾಪಾಡಿಕೊಳ್ಳಿ.

ಯೆಜ್ಡಿ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಈ ಗಾಡಿಗಳು ತಯಾರಾದವು. ಮೊದಲು ಚೆಕ್ ದೇಶದ ಜಾವಾ ಹೆಸರಿನಲ್ಲೇ ಬಂದವು, 1973ರಿಂದ ಯೆಜ್ಡಿ. ಕೊಳ್ಳುವವರಿಗೆ ಸಿಗುವುದು ಹೆಚ್ಚಾಗಿ ಯೆಜ್ಡಿ 250, ಅದರಲ್ಲೂ 1978ರ ನಂತರದ ರೋಡ್‌ಕಿಂಗ್. 248.5 ಸಿಸಿ, ಟೂ ಸ್ಟ್ರೋಕ್ (ಪೆಟ್ರೋಲಿನ ಜೊತೆ ಆಯಿಲೂ ಉರಿಯುವ ಎಂಜಿನ್), 16 ಎಚ್‌ಪಿ, ನಾಲ್ಕು ಗೇರು. ಎರಡು ಸೈಲೆನ್ಸರ್ ಇವೆ ಅಂತ ಎರಡು ಸಿಲಿಂಡರ್ ಅಂದುಕೊಳ್ಳಬೇಡಿ. ಒಂದೇ ಸಿಲಿಂಡರಿಗೆ ಹೊಗೆ ಹೋಗಲು ಎರಡು ದಾರಿ ಅಷ್ಟೇ.

ಇದನ್ನು ಸ್ಟಾರ್ಟ್ ಮಾಡುವ ರೀತಿ ಬೇರೆಯವರಿಗೆ ತಮಾಷೆ. ಎಡಗಡೆ ಗೇರ್ ಲಿವರ್ ಇದೆಯಲ್ಲ, ಅದೇ ಕಿಕ್ಕರ್. ಲಿವರನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ, ಹಾಗೇ ಹಿಂದಕ್ಕೆ ತಿರುಗಿಸಿ ಮೇಲೆ ತಂದರೆ ಅದು ಕಿಕ್ಕರ್ ಆಗುತ್ತದೆ. ಒದ್ದು, ಎಂಜಿನ್ ಹಿಡಿದ ಮೇಲೆ ಮುಂದಕ್ಕೆ ಮಡಚಿದರೆ ಮತ್ತೆ ಗೇರ್ ಲಿವರ್. ಕೊಳ್ಳುವಾಗ ಇಲ್ಲೇ ಒಂದು ಪರೀಕ್ಷೆ ಇದೆ. ಮಡಚಿದ ಲಿವರ್ ಗಟ್ಟಿಯಾಗಿ ಕೂರಬೇಕು. ಲೊಡಲೊಡ ಅಂದರೆ, ಅಥವಾ ಒದ್ದಾಗ ಹಿಡಿತ ಸಿಗದೆ ಜಾರಿದರೆ, ಒಳಗಿನ ಹಲ್ಲು ಸವೆದಿದೆ ಅಂತ ಅರ್ಥ. ಎಂಜಿನ್ ಬಿಚ್ಚದೆ ಅದು ಸರಿಯಾಗಲ್ಲ. ಇನ್ನೊಂದು ವಿಶೇಷ, ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುತ್ತದೆ, ಕೈಯಿಂದ ಹಿಡಿಯದೆಯೂ ಗೇರ್ ಬದಲಾಯಿಸಬಹುದು. ಕ್ಲಚ್ ಸೆಟ್ಟಿಂಗ್ ಸರಿ ಇದ್ದರೆ ಮಾತ್ರ. ಬಿಸಿಯಾದ ಮೇಲೆ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗದೆ ಒದ್ದಾಡುವ ಯೆಜ್ಡಿಗಳು ಬಹಳ. ಅದು ಗಾಡಿಯ ಹುಟ್ಟುಗುಣ ಅಂತ ಮಾರುವವರು ಹೇಳುತ್ತಾರೆ. ಅರ್ಧ ನಿಜ, ಇನ್ನರ್ಧ ಕ್ಲಚ್ ಪ್ಲೇಟು ಮತ್ತು ಸೆಟ್ಟಿಂಗಿನ ಸಮಸ್ಯೆ.

ಪಿಕಪ್ಪಿನಲ್ಲಿ ಇದು ಆರ್‌ಎಕ್ಸ್ ಮುಂದೆ ನಿಲ್ಲಲ್ಲ. ಆದರೆ ಕಡಿಮೆ ವೇಗದಲ್ಲಿ ಅದರ ಎಳೆತ ನೋಡಿ. ಇಬ್ಬರು ಕೂತು, ಹಿಂದೆ ಮೂಟೆ ಕಟ್ಟಿ, ಏರಿನಲ್ಲಿ ಮೂರನೇ ಗೇರಿನಲ್ಲಿ ಗುರ್ ಅಂತ ಹತ್ತುತ್ತದೆ. ಹಳ್ಳಿ ಕಡೆ ಹಾಲಿನ ಕ್ಯಾನು ಹೊತ್ತು ದಶಕಗಟ್ಟಲೆ ದುಡಿದಿದ್ದು ಇದೇ ಗುಣದಿಂದ. ದೌರ್ಬಲ್ಯ ಅಂದರೆ ಕರೆಂಟು. ಬಹಳಷ್ಟು ಗಾಡಿಗಳಲ್ಲಿ 6 ವೋಲ್ಟ್ ವ್ಯವಸ್ಥೆ, ರಾತ್ರಿ ಹೆಡ್‌ಲೈಟು ಇದ್ದೂ ಇಲ್ಲದ ಹಾಗೆ. 12 ವೋಲ್ಟಿಗೆ ಬದಲಾಯಿಸಿಕೊಂಡವರು ತುಂಬ ಜನ ಇದ್ದಾರೆ, ನನ್ನ ಪ್ರಕಾರ ಅದರಲ್ಲಿ ತಪ್ಪೇನಿಲ್ಲ. ಒರಿಜಿನಲ್ ಉಳಿಸುತ್ತೇನೆ ಅಂತ ಕತ್ತಲಲ್ಲಿ ಹೋಗಿ ಗುಂಡಿಗೆ ಬೀಳುವುದು ಯಾಕೆ?

ಬಿಡಿಭಾಗದ ಚಿಂತೆ ಕಡಿಮೆ. ಹಳೆ ಜಾವಾ ಮಾದರಿಗಳಿಗೆ ಚೆಕ್ ದೇಶದಲ್ಲಿ ಇಂದಿಗೂ ಭಾಗಗಳು ತಯಾರಾಗುತ್ತಿವೆ. ಯೆಜ್ಡಿಗೆ ಇಲ್ಲೇ ಮಾಡಿದ ಪಿಸ್ಟನ್, ಕ್ಲಚ್ ಪ್ಲೇಟ್, ಸೈಲೆನ್ಸರ್ ಸಿಗುತ್ತವೆ, ಗುಣಮಟ್ಟ ಮಾತ್ರ ಅಂಗಡಿಯಿಂದ ಅಂಗಡಿಗೆ ಬದಲು. ಎಲ್ಲಕ್ಕಿಂತ ದೊಡ್ಡ ಅನುಕೂಲ ಜನ. ಬೆಂಗಳೂರಿನಲ್ಲಿ ಜಾವಾ ಯೆಜ್ಡಿ ಕ್ಲಬ್ ಇದೆ, ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ದಿನ ಆಚರಿಸುತ್ತಾರೆ. ಕೊಳ್ಳುವ ಮೊದಲೇ ಅಲ್ಲಿಗೆ ಹೋಗಿ ನಿಲ್ಲಿ. ಸಾಲಾಗಿ ನಿಂತ ಗಾಡಿಗಳನ್ನು ನೋಡಿದರೆ ಒರಿಜಿನಲ್ ಟ್ಯಾಂಕ್ ಹೇಗಿರುತ್ತದೆ, ಸೈಲೆನ್ಸರ್ ಎಷ್ಟು ಉದ್ದ ಇರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗುತ್ತದೆ. ಮೈಸೂರು ಕಡೆಯವರಾದರೆ ಇನ್ನೂ ಸುಲಭ, ಈ ಎಂಜಿನ್ನಿನ ಜೊತೆಗೇ ಬೆಳೆದ ಮೆಕ್ಯಾನಿಕ್‌ಗಳು ಅಲ್ಲಿ ಈಗಲೂ ಇದ್ದಾರೆ.

ಆರ್‌ಎಕ್ಸ್ 100

1985ರಿಂದ 1996ರವರೆಗೆ ಬಂದ ಗಾಡಿ. 98 ಸಿಸಿ, 11 ಎಚ್‌ಪಿ, ತೂಕ ಸುಮಾರು ನೂರು ಕೆಜಿ. ಈ ಮೂರು ಅಂಕಿ ಒಟ್ಟಿಗೆ ಓದಿದರೆ ಯಾಕೆ ಇಷ್ಟು ಹುಚ್ಚು ಅಂತ ತಿಳಿಯುತ್ತದೆ. ಟ್ರಾಫಿಕ್ಕಿನಲ್ಲಿ ಈಗಿನ 150 ಸಿಸಿ ಗಾಡಿಗಳ ಜೊತೆ ಧೈರ್ಯವಾಗಿ ಓಡುತ್ತದೆ. ಕಿಕ್ಕರ್ ಕೈಯಲ್ಲೇ ಒದೆಯಬಹುದು, ಅಷ್ಟು ಹಗುರ. ರಿಪೇರಿಗೂ ಸರಳ. ಯಾವ ಊರಿಗೆ ಹೋದರೂ ಇದನ್ನು ಕಣ್ಣು ಮುಚ್ಚಿ ಬಿಚ್ಚುವ ಒಬ್ಬ ಮೆಕ್ಯಾನಿಕ್ ಇರುತ್ತಾರೆ.

ಹಾಗಾದರೆ ಇದನ್ನೇ ಕೊಳ್ಳಿ ಅನ್ನಬೇಕಿತ್ತು ಅಲ್ವಾ? ತೊಂದರೆ ಗಾಡಿಯಲ್ಲಿಲ್ಲ, ಮಾರ್ಕೆಟ್ಟಿನಲ್ಲಿದೆ. ಬೆಲೆ ಹುಚ್ಚಾಪಟ್ಟೆ ಏರಿದೆ. ಚೆನ್ನಾಗಿರುವ ಗಾಡಿಗೆ ಲಕ್ಷದ ಮೇಲೆ ಹೇಳುವುದು ಮಾಮೂಲಾಗಿದೆ. ಬೆಲೆ ಏರಿದ ಕಡೆ ನಕಲಿಯೂ ಬರುತ್ತದೆ. ಆರ್‌ಎಕ್ಸ್ 135ರ ಎಂಜಿನ್ ಕೂರಿಸಿ 100ರ ಸ್ಟಿಕ್ಕರ್ ಹಚ್ಚಿದ್ದು, ಎರಡು ಗಾಡಿ ಸೇರಿಸಿ ಒಂದು ಮಾಡಿದ್ದು, ಕದ್ದ ಎಂಜಿನ್ ಹಾಕಿದ್ದು, ಎಲ್ಲ ಇವೆ. ನಿಜವಾದ ಆರ್‌ಎಕ್ಸ್ 100ರ ಎಂಜಿನ್ ನಂಬರ್ 1ಎಲ್1 ಅಂತ ಶುರುವಾಗುತ್ತದೆ. ಅದು ಇಲ್ಲದಿದ್ದರೆ ಮುಂದೆ ನೋಡುವುದೇ ಬೇಡ. ಅದು ಇದ್ದ ಮಾತ್ರಕ್ಕೆ ನಂಬುವುದೂ ಬೇಡ, ಮೇಲೆ ಹೇಳಿದ ಟಾರ್ಚಿನ ಪರೀಕ್ಷೆ ಇಲ್ಲಿ ಎರಡು ಸಲ ಮಾಡಿ. ಇನ್ನು "ಜಪಾನ್ ಎಂಜಿನ್" ಅನ್ನುವ ಮಾತು. ಶುರುವಿನ ಗಾಡಿಗಳ ಭಾಗಗಳು ಜಪಾನಿನಿಂದ ಬಂದು ಇಲ್ಲಿ ಜೋಡಣೆ ಆಗಿದ್ದು ನಿಜ. ಆದರೆ ಇವತ್ತು ಮಾರಾಟಕ್ಕಿರುವ ಪ್ರತಿ ಆರ್‌ಎಕ್ಸ್ ಕೂಡ ಜಪಾನಿನದೇ ಅಂತೆ, 1995ರ ಗಾಡಿಯೂ!

ಕೊಂಡ ಮೇಲೂ ನೆಮ್ಮದಿ ಕಡಿಮೆ. ಕಳ್ಳರಿಗೆ ಇಷ್ಟವಾದ ಗಾಡಿ ಇದು. ಹ್ಯಾಂಡಲ್ ಲಾಕನ್ನು ನಂಬಿ ರಸ್ತೆ ಬದಿ ಬಿಟ್ಟು ಹೋಗುವ ಹಾಗಿಲ್ಲ, ಒಂದು ದಪ್ಪ ಚೈನು ಬೀಗ ಬೇಕೇ ಬೇಕು. ಗೇಟಿನ ಒಳಗೆ ನಿಲ್ಲಿಸುವ ಜಾಗ ಇಲ್ಲದವರಿಗೆ ಇದನ್ನು ಹೇಳಲು ನನಗೆ ಮನಸ್ಸಿಲ್ಲ.

ಆರ್‌ಎಕ್ಸ್ ಗುಣ ಬೇಕು, ಹೆಸರು ಬೇಡ ಅನ್ನುವವರು ಐದು ಗೇರಿನ ಆರ್‌ಎಕ್ಸ್ 135 ನೋಡಿ. 14 ಎಚ್‌ಪಿ, 2005ರವರೆಗೆ ಬಂದಿದೆ, ಹಾಗಾಗಿ ಕಾಗದವೂ ಸ್ವಲ್ಪ ಹೊಸದು. ಹೆದ್ದಾರಿಗೆ ಅದೇ ವಾಸಿ.

ಆರ್‌ಡಿ 350

ನಾಲ್ಕರಲ್ಲಿ ಸ್ಪೋರ್ಟ್ಸ್ ಅನ್ನುವ ಮಾತಿಗೆ ನಿಜವಾಗಿ ತಕ್ಕದ್ದು ಇದೊಂದೇ. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ತಂದ ಯಮಹಾ ಆರ್‌ಡಿ 350ಬಿ. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರು. ಮೊದಲು ಬಂದ ಹೈ ಟಾರ್ಕ್ ಮಾದರಿ 30.5 ಎಚ್‌ಪಿ, ಮೈಲೇಜ್ ಸುಧಾರಿಸಲು ಆಮೇಲೆ ತಂದ ಲೋ ಟಾರ್ಕ್ 27. ಆ ಕಾಲದಲ್ಲಿ ಬುಲೆಟ್ಟಿಗೆ ಇದ್ದಿದ್ದು 18. ನೀವೇ ಊಹಿಸಿ.

ಮೊದಲ ಹಳೆ ಗಾಡಿಯಾಗಿ ಇದನ್ನು ಕೊಳ್ಳಬೇಡಿ. ವೇಗದ ಭಯಕ್ಕೆ ಹೇಳುತ್ತಿಲ್ಲ, ಭಯಪಡಬೇಕಾದ್ದು ಬ್ರೇಕಿಗೆ. ಜಪಾನಿನ ಮೂಲ ಗಾಡಿಗೆ ಮುಂದೆ ಡಿಸ್ಕ್ ಇತ್ತು, ನಮ್ಮಲ್ಲಿ ಖರ್ಚು ಉಳಿಸಲು ಡ್ರಮ್ ಹಾಕಿದರು. ಆರನೇ ಗೇರಿನವರೆಗೆ ಏರಿಸುವುದು ಸುಲಭ, ನಿಲ್ಲಿಸುವಾಗ ದೇವರೇ ಗತಿ. ಆಮೇಲೆ ಎಲ್ಲವೂ ಎರಡೆರಡು. ಎರಡು ಕಾರ್ಬುರೇಟರ್ ಒಂದೇ ಸಮ ತೆರೆಯಬೇಕು, ಕಿಡಿ ಹೊತ್ತಿಸುವ ಪಾಯಿಂಟ್ ಎರಡು ಸೆಟ್ಟು, ಪ್ರತಿ ಸಿಲಿಂಡರಿನ ಟೈಮಿಂಗನ್ನು (ಕಿಡಿ ಹಾರುವ ಕ್ಷಣವನ್ನು) ಡಯಲ್ ಗೇಜ್ ಇಟ್ಟು ಬೇರೆ ಬೇರೆ ಹೊಂದಿಸಬೇಕು. ಕಿವಿಯಲ್ಲಿ ಕೇಳಿ ಟೈಮಿಂಗ್ ಇಡುವ ಮೆಕ್ಯಾನಿಕ್ ಕೈಗೆ ಕೊಟ್ಟರೆ ಒಂದು ಪಿಸ್ಟನ್ ಸೀಜ್ ಆಗಿ, ಅಂದರೆ ಸಿಲಿಂಡರಿನಲ್ಲಿ ಸಿಕ್ಕಿಕೊಂಡು, ಬರುತ್ತದೆ. ಕ್ರ್ಯಾಂಕಿನ ರಬ್ಬರ್ ಸೀಲ್ ಹೋದರೆ ಗಾಳಿ ಎಳೆದು ಮಿಶ್ರಣ ತೆಳುವಾಗುತ್ತದೆ, ಆಗಲೂ ಅದೇ ಕಥೆ. ಒರಿಜಿನಲ್ ಭಾಗಗಳು ಹೊರದೇಶದಿಂದ ಬರಬೇಕು, ಬೆಲೆ ಕೇಳಿದರೆ ಬಾಯಿ ಒಣಗುತ್ತದೆ. ಮೈಲೇಜ್ ಲೀಟರಿಗೆ 20ರ ಆಸುಪಾಸು.

ಇಷ್ಟೆಲ್ಲ ಕೇಳಿದ ಮೇಲೂ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ಮಾರುವವರ ಬಾಯಲ್ಲಿ ಎಲ್ಲ ಆರ್‌ಡಿಯೂ ಹೈ ಟಾರ್ಕೇ. 1985ರ ನಂತರದ ಗಾಡಿಯನ್ನು ಹೈ ಟಾರ್ಕ್ ಅಂದರೆ, ಬ್ಯಾರಲ್ (ಸಿಲಿಂಡರ್ ಭಾಗ) ಬದಲಾಗಿದೆಯಾ ಅಂತ ಗೊತ್ತಿರುವವರನ್ನು ಕರೆದುಕೊಂಡು ಹೋಗಿ ನೋಡಿ. ಹಾಗೂ ನಿಜ ಹೇಳಬೇಕಂದರೆ ಚೆನ್ನಾಗಿ ಟ್ಯೂನ್ ಆಗಿರುವ ಆರ್‌ಡಿ ಒಮ್ಮೆ ಪವರ್ ಹಿಡಿದು ಎಳೆದಾಗ ಬೇರೆ ಯಾವ ಹಳೆ ಬೈಕೂ ಆ ಸುಖ ಕೊಡಲ್ಲ. ಅದಕ್ಕೇ ಹೇಳುವುದು, ಎರಡನೇ ಗಾಡಿಯಾಗಿ ಕೊಳ್ಳಿ.

ಕಾಸ್ಟ್ ಐರನ್ ಬುಲೆಟ್

ಇದು ಸ್ಪೋರ್ಟ್ಸ್ ಅಲ್ಲವೇ ಅಲ್ಲ. ಪಟ್ಟಿಯಲ್ಲಿ ಸೇರಿಸಿದ್ದು ಜನ ಕೇಳುತ್ತಾರೆ ಅಂತ. 346 ಸಿಸಿ, ಫೋರ್ ಸ್ಟ್ರೋಕ್, ಚೆನ್ನೈನ ತಿರುವೊತ್ತಿಯೂರಿನಲ್ಲಿ ತಯಾರಾಗಿದ್ದು, ಈ ಹಳೆ ಎಂಜಿನ್ 2010ರ ಸುಮಾರಿನವರೆಗೂ ಬಂತು. ಹಾಗಾಗಿ ಆಯ್ಕೆ ಜಾಸ್ತಿ, ಕಾಗದ ಸರಿ ಇರುವ ಗಾಡಿ ಸಿಗುವ ಸಾಧ್ಯತೆಯೂ ಜಾಸ್ತಿ. ಬಿಡಿಭಾಗ ಎಲ್ಲ ಕಡೆ. ಎಣ್ಣೆ ಸೋರುತ್ತದೆ, ಅದನ್ನು ಪೂರ್ತಿ ನಿಲ್ಲಿಸುತ್ತೇನೆ ಅನ್ನುವವರ ಮಾತು ನಂಬಬೇಡಿ.

ಕಲಿಯಬೇಕಾದ್ದು ಎರಡು. ಒಂದು ಕಿಕ್. ಇಗ್ನಿಷನ್ ಆನ್ ಮಾಡಿ, ಕಿಕ್ಕರನ್ನು ನಿಧಾನವಾಗಿ ಒತ್ತುತ್ತಾ ಕರೆಂಟು ತೋರಿಸುವ ಆಮ್‌ಮೀಟರ್ ಮುಳ್ಳು ನೋಡಿ. ಮುಳ್ಳು ನಡುವಿಗೆ ಬಂದು ನಿಂತಾಗ ಪಾಯಿಂಟ್ ತೆರೆದಿದೆ. ಆಗ ಡೀಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ) ಲಿವರ್ ಹಿಡಿದು ಕಿಕ್ಕರನ್ನು ಒಂಚೂರು ಮುಂದೆ ತಳ್ಳಿ, ಲಿವರ್ ಬಿಟ್ಟು, ಕಿಕ್ಕರ್ ಮೇಲೆ ಬಂದ ಮೇಲೆ ಪೂರ್ತಿ ಒದೆಯಿರಿ. ಈ ಕ್ರಮ ಬಿಟ್ಟು ಸಿಟ್ಟಿನಲ್ಲಿ ಒದ್ದರೆ ಕಿಕ್ಕರ್ ವಾಪಸ್ ಹೊಡೆಯುತ್ತದೆ. ಎರಡನೆಯದು ಕಾಲು. ಹಳೆ ನಾಲ್ಕು ಗೇರಿನ ಬುಲೆಟ್ಟಿನಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ, ಒಂದು ಗೇರು ಮೇಲೆ, ಮಿಕ್ಕ ಮೂರು ಕೆಳಗೆ. ಈಗಿನ ಬೈಕು ಓಡಿಸಿ ಅಭ್ಯಾಸ ಇರುವವರು ಎದುರಿಗೆ ಹಸು ಬಂದಾಗ ಬಲಗಾಲು ಒತ್ತುತ್ತಾರೆ, ಗಾಡಿ ನಿಲ್ಲುವ ಬದಲು ಮೇಲಿನ ಗೇರಿಗೆ ಹೋಗುತ್ತದೆ. ಮನೆಯಲ್ಲಿ ಇನ್ನೊಂದು ಬೈಕು ಇದ್ದು ದಿನಾ ಎರಡನ್ನೂ ಬದಲಾಯಿಸಿ ಓಡಿಸುವವರಾದರೆ ಆಮೇಲೆ ಬಂದ, ಎಡಗಡೆ ಗೇರ್ ಲಿವರ್ ಇರುವ ಐದು ಗೇರಿನ ಮಾದರಿಯನ್ನೇ ನೋಡಿ.

ಗಾಡಿ ನೋಡಲು ಹೋದಾಗ

ಫೋನಿನಲ್ಲೇ ಹೇಳಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಎಂಜಿನ್ ಮುಟ್ಟಿ. ಬಿಸಿ ಇದ್ದರೆ, ತಣ್ಣಗಿದ್ದಾಗ ಅದು ಸ್ಟಾರ್ಟ್ ಆಗಲು ಸತಾಯಿಸುತ್ತದೆ ಅಂತಲೇ ಲೆಕ್ಕ.

ಟೂ ಸ್ಟ್ರೋಕ್ ಗಾಡಿ ಸ್ಟಾರ್ಟ್ ಆದಾಗ ಹೊಗೆ ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಒಂದು ಸುತ್ತು ಓಡಿಸಿ ಚೆನ್ನಾಗಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಎಂಜಿನ್ನಿಗೆ ಎಳೆಯುತ್ತಿರಬಹುದು. ಗೇರ್ ಆಯಿಲ್ ಮಟ್ಟ ಕಡಿಮೆ ಇದ್ದರೆ ಅನುಮಾನ ಗಟ್ಟಿ. ಇನ್ನೊಂದು, ಆಕ್ಸಿಲರೇಟರ್ ಏರಿಸಿ ತಟ್ಟನೆ ಬಿಡಿ. ಸದ್ದು ಕೂಡಲೇ ಇಳಿಯಬೇಕು. ಮೇಲೆಯೇ ನಿಂತು ತಡವಾಗಿ ಇಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಎಷ್ಟನೇ ರಿಬೋರ್ (ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಹಾಕುವುದು) ಅಂತ ಕೇಳಿ. ಹೆಡ್ ತೆಗೆದು ತೋರಿಸಿದರೆ ಪಿಸ್ಟನ್ ತಲೆ ಮೇಲೆ ಓವರ್‌ಸೈಜಿನ ಅಂಕಿ ಇರುತ್ತದೆ. ಕೊನೆಯ ಸೈಜಿಗೆ ಬಂದಿದ್ದರೆ ಮುಂದಿನ ಸಲ ಹೊಸ ಸ್ಲೀವ್ ಹಾಕಿಸಬೇಕು, ಅದನ್ನು ಬೆಲೆಯಲ್ಲಿ ಹಿಡಿಯಿರಿ. ಆರ್‌ಎಕ್ಸ್ ಮತ್ತು ಆರ್‌ಡಿಗೆ ಆಯಿಲ್ ಪಂಪು ಇರಬೇಕು. ಕಿತ್ತು ಹಾಕಿ ಪೆಟ್ರೋಲಿಗೇ ಆಯಿಲ್ ಬೆರೆಸುವವರು ಇದ್ದಾರೆ, ಆಗ ಎಷ್ಟು ಬೆರೆಸುತ್ತಿದ್ದರು ಅಂತ ಕೇಳಿ. ಉತ್ತರ "ಅಂದಾಜಿಗೆ ಹಾಕ್ತೀವಿ" ಅಂತ ಬಂದರೆ ಬೋರಿನ ಗತಿ ಊಹಿಸಿಕೊಳ್ಳಿ. ಯೆಜ್ಡಿಗೆ ಪಂಪು ಇಲ್ಲ, ಲೀಟರಿಗೆ ಸುಮಾರು 40 ಮಿ.ಲೀ. ಟೂ ಟಿ ಆಯಿಲ್ ಬೆರೆಸುವುದು ರೂಢಿ.

ಒಂದು ಚಿಕ್ಕ ಅಯಸ್ಕಾಂತ ಜೇಬಿನಲ್ಲಿರಲಿ. ಟ್ಯಾಂಕು, ಮಡ್‌ಗಾರ್ಡ್ ಮೇಲೆ ಓಡಿಸಿದರೆ ಪುಟ್ಟಿ ತುಂಬಿದ ಜಾಗದಲ್ಲಿ ಹಿಡಿಯಲ್ಲ. ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗಿನ ತುಕ್ಕು ನೋಡಿ.

ಹೊಸದಾಗಿ ರೆಸ್ಟೋರ್ ಮಾಡಿ ಫಳಫಳ ಹೊಳೆಯುವ ಗಾಡಿಗಿಂತ, ಬಣ್ಣ ಮಾಸಿದ, ಧೂಳು ಹಿಡಿದ, ಆದರೆ ವಾರಕ್ಕೊಮ್ಮೆಯಾದರೂ ಓಡುವ ಗಾಡಿ ನನಗೆ ಯಾವಾಗಲೂ ಮೇಲು. ಪೇಂಟು, ಕ್ರೋಮಿಗೆ ಖರ್ಚು ಮಾಡಿದವರು ಎಂಜಿನ್ನಿಗೂ ಮಾಡಿರುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ. ಬಿಲ್ಲು ತೋರಿಸಿ ಅನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಪಿಸ್ಟನ್ನಿನ ಬಿಲ್ಲು, ಲೇತಿನಲ್ಲಿ ಬೋರ್ ಮಾಡಿಸಿದ ಚೀಟಿ, ಏನಾದರೊಂದು ಇರಬೇಕಲ್ಲ.

ಪೆಟ್ರೋಲು ಮತ್ತು ಘಾಟಿ

ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡ ಎಥನಾಲ್ ಬೆರೆತ ಪೆಟ್ರೋಲು. ಈ ಗಾಡಿಗಳ ರಬ್ಬರು, ಪೈಪು ಅದಕ್ಕೆಂದು ಮಾಡಿದ್ದಲ್ಲ. ಹಳೆ ಪೈಪನ್ನು ಎಥನಾಲ್ ತಡೆಯುವ ಪೈಪಿಗೆ ಬದಲಾಯಿಸಿ. ಎಥನಾಲ್ ನೀರಿನಂಶ ಹೀರುವುದರಿಂದ ವಾರಗಟ್ಟಲೆ ನಿಲ್ಲಿಸಿದರೆ ಟ್ಯಾಂಕು ತುಕ್ಕು ಹಿಡಿಯುತ್ತದೆ. ನಿಲ್ಲಿಸುವ ಮೊದಲು ಪೆಟ್ರೋಲ್ ಟ್ಯಾಪ್ ಮುಚ್ಚಿ, ಕಾರ್ಬುರೇಟರಿನಲ್ಲಿ ಇರುವಷ್ಟು ಉರಿದು ಎಂಜಿನ್ ತಾನೇ ಆಫ್ ಆಗಲು ಬಿಡಿ.

ಮಲೆನಾಡಿನವರು, ಕರಾವಳಿಯವರು ಇದನ್ನು ಓದಿ. ಯೆಜ್ಡಿಯಲ್ಲಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಗೇರಿನಲ್ಲೇ ಇಳಿದರೆ ಎಂಜಿನ್ ತಿರುಗುತ್ತಲೇ ಇರುತ್ತದೆ, ಆದರೆ ಪೆಟ್ರೋಲ್ ಹೋಗುವುದು ಬಹಳ ಕಡಿಮೆ, ಪೆಟ್ರೋಲಿನ ಜೊತೆ ಹೋಗಬೇಕಾದ ಆಯಿಲೂ ಅಷ್ಟೇ ಕಡಿಮೆ. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇಳಿಯಬೇಕು. ಟೂ ಸ್ಟ್ರೋಕಿನಲ್ಲಿ ಎಂಜಿನ್ ಬ್ರೇಕಿಂಗ್ ಕೂಡ ಕಡಿಮೆ, ಡ್ರಮ್ ಬ್ರೇಕು ಬಿಸಿಯಾಗುತ್ತದೆ, ನಡುವೆ ನಿಲ್ಲಿಸಿ ಆರಲು ಬಿಡಿ. ಘಾಟಿಯೇ ನಿಮ್ಮ ದಿನನಿತ್ಯದ ದಾರಿಯಾದರೆ ಬುಲೆಟ್ ಸುಲಭ.

ಹಾಗಾದರೆ ಯಾವುದು?

ಮೈಸೂರು, ಬೆಂಗಳೂರು, ಹಾಸನ, ಮಂಡ್ಯದ ಕಡೆಯವರು, ಭಾನುವಾರದ ಓಡಾಟಕ್ಕೆ, ಸ್ವಲ್ಪ ಕೈ ಕೊಳೆ ಮಾಡಿಕೊಂಡು ಕಲಿಯುವ ಮನಸ್ಸು ಇದ್ದರೆ, ರೋಡ್‌ಕಿಂಗ್ ಇಲ್ಲಾ ಸಾದಾ ಯೆಜ್ಡಿ 250. ನನ್ನ ವೋಟು ಅದಕ್ಕೇ. ದಿನಾ ಆಫೀಸಿಗೆ ಓಡಿಸುತ್ತೇನೆ, ಗೇಟಿನೊಳಗೆ ಜಾಗ ಇದೆ ಅನ್ನುವವರಿಗೆ ಆರ್‌ಎಕ್ಸ್, ಅದರಲ್ಲೂ 135. ದೂರದ ಊರು, ಘಾಟಿ, ಮೆಕ್ಯಾನಿಕ್ ಸಿಗದ ಜಾಗಕ್ಕೆ ಬುಲೆಟ್. ಆರ್‌ಡಿ ಬಗ್ಗೆ ಆಗಲೇ ಹೇಳಿದ್ದೇನೆ. ಬರೀ ಆ ಕಾಲದ ನೋಟ ಸಾಕು, ಕಿಕ್ ಹೊಡೆಯುವ ತಾಳ್ಮೆ ಇಲ್ಲ ಅನ್ನುವವರು 2018ರಿಂದ ಮತ್ತೆ ಬಂದಿರುವ ಹೊಸ ಜಾವಾ, 2022ರಲ್ಲಿ ಬಂದ ಹೊಸ ಯೆಜ್ಡಿ ನೋಡಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೈಯಲ್ಲಿರುವ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡಿ. ಮೂರರಲ್ಲಿ ಒಂದು ಪಾಲು ಪಕ್ಕಕ್ಕೆ ಇಡಿ. ಟೈರು, ಟ್ಯೂಬು, ಬ್ರೇಕ್ ಶೂ, ಕೇಬಲ್ಲು, ಚೈನು, ಕ್ರ್ಯಾಂಕ್ ಸೀಲು, ವೈರಿಂಗು, ಇಷ್ಟನ್ನು ಮೊದಲ ತಿಂಗಳಲ್ಲೇ ಮಾಡಿಸಬೇಕಾಗುತ್ತದೆ, ಎಷ್ಟೇ ಚೆನ್ನಾಗಿದೆ ಅಂದರೂ. ಮಾತು ಕುದುರಿದಾಗ ಅಡ್ವಾನ್ಸ್ ಕೊಟ್ಟು ಬರಹದಲ್ಲಿ ತೆಗೆದುಕೊಳ್ಳಿ, ಚಾಸಿಸ್ ಮತ್ತು ಎಂಜಿನ್ ನಂಬರ್ ಅದರಲ್ಲಿ ಇರಲಿ. ಬಾಕಿ ದುಡ್ಡು ಕೊಡುವುದು ಟ್ರಾನ್ಸ್‌ಫರ್ ಅರ್ಜಿಗೆ ಮಾಲೀಕರು ಖುದ್ದಾಗಿ ಬಂದು ಸಹಿ ಹಾಕಿದ ಮೇಲೆ. ಬ್ರೋಕರ್ ತಂದುಕೊಡುವ, ಮೊದಲೇ ಸಹಿ ಹಾಕಿಟ್ಟ ಖಾಲಿ ಫಾರಂ 29, 30 ಬೇಡ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಆಗುವ ತನಕ ಗಾಡಿಯನ್ನು ಓಡಿಸಿಕೊಂಡು ಬರಬೇಡಿ, ಒಂದು ಟೆಂಪೋ ಮಾಡಿಕೊಂಡು ಹೋಗಿ.